ಬೂಕೋನೇ ಹೇಳಲಿ

"ಎಡಕ್ಕೆ, ಎಡಕ್ಕೆ! ಗೋಡೆಗೆ ಉಜ್ತಾ ಇದೆ," ಎಂದು ಮೋರಿಸ್ ಹಿಂದಿನಿಂದ ಕೂಗಿದ.

ಯಹೂದಿ ಧರ್ಮಗುರು ರಬ್ಬಿ ಮೆನಾಹೆಮ್ ಪಾರ್ದೊ ಅವರ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮುಂದಿನ ಮೂಲೆ ಹಲ್ಲಿನ ಡಾಕ್ಟರ್ ಬೂಕೋನ ಹೆಗಲ ಮೇಲೆ. ಆ ಭಾರ ಅವನಿಗೆ ಲೆಕ್ಕಕ್ಕಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸ್ಮಶಾನದಲ್ಲಿ ಎಲ್ಲರೆದುರು ತಾನೇ ಪ್ರಾರ್ಥನೆ ಹೇಳಬೇಕಲ್ಲ, ಅದೇ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಹಾಗಂತ ಹೇಳಿಹೋದವರು ರಬ್ಬಿಗಳೇ. ಕೊನೆಯ ವಾರ, ಮಾತು ಅರ್ಧಕ್ಕರ್ಧ ನಿಂತಿದ್ದಾಗ, ಹೆಂಡತಿ ಎಸ್ತ್ರೇಯಾರ ಕೈ ಹಿಡಿದು, "ನನ್ನ ಮಣ್ಣಿಗೆ ಬೂಕೋನೇ ಹೇಳಲಿ," ಎಂದಿದ್ದರು.

ಪ್ಲೊವ್ದಿವ್ ಪಟ್ಟಣದಲ್ಲಿ ಉಳಿದಿದ್ದ ಯಹೂದಿಗಳಿಗೆಲ್ಲ ಇದೊಂದು ಒಗಟು. ಮೋರಿಸ್ ಇರುವಾಗ ಬೂಕೋ ಯಾಕೆ? ಮೋರಿಸ್ ನಗರ ಬ್ಯಾಂಡಿನಲ್ಲಿ ತುತ್ತೂರಿ ಊದಿ ನಿವೃತ್ತನಾದವನು, ರಬ್ಬಿಗಳ ಹಳೆಯ ಶಿಷ್ಯ. ಹಬ್ಬದ ದಿನ ಅವನು ಹಾಡಿದರೆ ಬೀದಿಯಲ್ಲಿ ಹೋಗುವವರೂ ಪ್ರಾರ್ಥನಾಮಂದಿರ ಸಿನಗಾಗ್‌ನ ಕಿಟಕಿಯ ಕೆಳಗೆ ನಿಂತು ಕೇಳುತ್ತಿದ್ದರು. ಬೂಕೋನ ದನಿಯೋ, ಎಣ್ಣೆ ಕಾಣದ ಕದ.

ಪೆಟ್ಟಿಗೆ ಬೀದಿಗೆ ಬಂತು. ಮೋರಿಸ್ ಪಕ್ಕಕ್ಕೆ ಬಂದು ಹೆಗಲು ಕೊಟ್ಟ.

"ಡಾಕ್ಟ್ರೇ, ತಪ್ಪು ತಿಳೀಬೇಡಿ. ನಿಮ್ಮ ದನಿಗೆ ಸತ್ತೋರೂ ಎದ್ದು ಕೂತ್ಕೋತಾರೆ."

"ಕೂತ್ಕೊಳ್ಳಲಿ ಮೋರಿಸಣ್ಣ. ಎದ್ದು ತಿದ್ದೋದಾದ್ರೆ ನನಗೂ ಧೈರ್ಯ."

ಹಿಂದೆ ಹೊತ್ತಿದ್ದವರು ನಗು ತಡೆಯಲಾರದೆ ಹೆಜ್ಜೆ ತಪ್ಪಿದರು.

"ನೀವೇ ಹೇಳ್ಬಿಡಿ ಅಣ್ಣ," ಎಂದ ಬೂಕೋ, ಸಣ್ಣಗೆ. "ನಿಮ್ಮ ಕಾಲು ಹಿಡ್ಕೋತೀನಿ."

ಮೋರಿಸ್ ಗಂಟಲು ಸರಿಮಾಡಿಕೊಂಡ. ಆದರೆ ಎಸ್ತ್ರೇಯಾರ ಕಿವಿ ಚುರುಕು. "ಇಬ್ರೂ ಬಾಯಿ ಮುಚ್ಕೊಂಡು ನಡೀರಿ," ಎಂದರು.

*

ಮಹಾಯುದ್ಧ ಮುಗಿದ ಮೇಲೆ ಊರಿನ ಹೆಚ್ಚಿನ ಯಹೂದಿಗಳು ಹಡಗು ಹತ್ತಿ ಇಸ್ರೇಲಿಗೆ ಹೋದರು. ರಬ್ಬಿಗಳ ಪಾಠದ ಕೋಣೆಯಲ್ಲಿ ಬೆಂಚುಗಳು ಮಾತ್ರ ಉಳಿದವು. ಹುಡುಗರಿಗೆ ಪ್ರಾರ್ಥನೆಯ ಕ್ರಮ ಕಲಿಸುವುದೇ ಬದುಕಾಗಿದ್ದ ಮನುಷ್ಯ ಊರು ಬಿಡಲಿಲ್ಲ. "ಉಳಿದೋರಿಗೆ ಯಾರು ಕಲಿಸ್ತಾರೆ?" ಎಂದು ಕೂತುಬಿಟ್ಟರು. ಬಂದವರಿಗೆ, ಬಂದ ಹೊತ್ತಿನಲ್ಲಿ ಪಾಠ.

ತಲೆಗೂದಲು ನರೆಯತೊಡಗಿದ ಮೇಲೆ ಬಂದವನು ಬೂಕೋ. ತಂದೆ ತೀರಿಕೊಂಡಿದ್ದರು. ಸತ್ತವರಿಗಾಗಿ ಮಗ ಹೇಳಬೇಕಾದ ಕದ್ದಿಶ್ ಪ್ರಾರ್ಥನೆಯ ಒಂದು ಪದವೂ ಅವನಿಗೆ ಬರುತ್ತಿರಲಿಲ್ಲ.

"ನನಗೆ ದೇವರಲ್ಲಿ ಅಂಥಾ ನಂಬಿಕೆಯೇನಿಲ್ಲ," ಎಂದು ಮೊದಲೇ ಹೇಳಿಕೊಂಡ.

"ನಂಬಿಕೆ ನಿನ್ನ ಹತ್ರಾನೇ ಇರಲಿ," ಎಂದರು ರಬ್ಬಿ. "ನಾಲಿಗೆ ನನಗೆ ಕೊಡು."

ರಬ್ಬಿಗಳ ಹಲ್ಲುಗಳೆಲ್ಲ ಹುಳುಕು. ಹಾಗಾಗಿ ಪಾಠ ಬಹುಪಾಲು ಬೂಕೋನ ದವಾಖಾನೆಯಲ್ಲೇ ನಡೆಯಿತು. ಅವರು ಬಾಯಿ ತೆರೆದು ಒರಗಿಕೊಳ್ಳುವರು, ಇವನು ಹಲ್ಲು ಕೊರೆಯುತ್ತ ಸಾಲು ಒಪ್ಪಿಸುವನು. ತಪ್ಪಿದರೆ ಕುರ್ಚಿಯ ಕೈಮೇಲೆ ಟಕ್ ಎಂದು ಬೆರಳು. ಒಮ್ಮೆ ಆ ಬೆರಳು ಜೋರಾಗಿ ಬಡಿದಾಗ ಬೂಕೋ ಹೆದರಿ ಕೈ ಹಿಂದೆಳೆದ. "ನೋವಾಯ್ತಾ?"

ರಬ್ಬಿ ಬಾಯಿಂದ ಹತ್ತಿ ಕಿತ್ತೆಸೆದರು. "ಹಲ್ಲಲ್ಲ ಮಾರಾಯ, ಎರಡನೇ ಸಾಲು!"

ಪದಗಳು ಬಂದವು. ರಾಗ ಮಾತ್ರ ಹತ್ತಿರ ಸುಳಿಯಲಿಲ್ಲ. ಒಂದು ದಿನ ಕೊನೆಯವರೆಗೂ ಕೇಳಿದ ರಬ್ಬಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾಕು ಬೂಕೋ. ನೀನು ಹೀಗೇ ಇರು," ಎಂದರು.

ಗುರುವೇ ಕೈಬಿಟ್ಟರು ಎಂದುಕೊಂಡ ಬೂಕೋ. ತಂದೆಯ ಕದ್ದಿಶ್ ಮುಗಿಸಿದ ಮೇಲೆ ಸಿನಗಾಗ್‌ನ ಹಿಂದಿನ ಸಾಲಿನಲ್ಲಿ ತುಟಿ ಅಲುಗಿಸಿಕೊಂಡು ಕೂತನೇ ಹೊರತು, ಮುಂದೆ ನಿಂತು ಎಂದೂ ಹೇಳಲಿಲ್ಲ.

*

ಪೆಟ್ಟಿಗೆ ಗುಂಡಿಯ ಪಕ್ಕಕ್ಕಿಳಿಯಿತು. ಎಲ್ಲರೂ ಬೂಕೋನ ಕಡೆ ನೋಡಿದರು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹೇಗೋ ಕೀರ್ತನೆ ಎತ್ತಿಕೊಂಡ. ಮೊದಲ ಸಾಲು ದಾಟಿತು. ಎರಡನೆಯದು ಜಾರಿತು. ಮೂರನೆಯದರಲ್ಲಿ ದನಿ ಎಲ್ಲೋ ಮೇಲೆ ಹೋಗಿ ಸಿಕ್ಕಿಕೊಂಡು ಇಳಿಯಲು ದಾರಿ ಕಾಣದೆ ನಿಂತೇಬಿಟ್ಟಿತು. ಜನ ತಮ್ಮ ತಮ್ಮ ಬೂಟು ನೋಡಿಕೊಂಡರು. ಬೂಕೋ ಆ ಟಕ್ ಸದ್ದಿಗೆ ಕಾದ. ಅದು ಬರಲಿಲ್ಲ.

ಹೆಂಗಸರ ಕಡೆಯಿಂದ ಬಂತು ಎಸ್ತ್ರೇಯಾರ ದನಿ, ಒಡಕು ದನಿ, ಆದರೆ ಸಾಲು ಸರಿಯಾಗಿತ್ತು. ಹಿಂದೆಯೇ ಮೋರಿಸ್, ತಡೆಯಲಾರದೆ, ಕೈಜಾರುತ್ತಿರುವ ಮಗುವನ್ನು ಹಿಡಿದುಕೊಳ್ಳುವವನಂತೆ ರಾಗ ಹಿಡಿದ. ಆಮೇಲೆ ಔಷಧದಂಗಡಿಯವನು. ವರ್ಷಗಳಿಂದ ಸಿನಗಾಗ್ ಕಡೆ ತಲೆಹಾಕದ ಮೇಷ್ಟ್ರೊಬ್ಬರು. ಪದ ಮರೆತೆವೆಂದುಕೊಂಡಿದ್ದವರ ಬಾಯಲ್ಲೂ ಪದ ಇತ್ತು. ಬೂಕೋನ ದನಿ ಎಲ್ಲರ ನಡುವೆ ಎಲ್ಲಿದೆಯೆಂದು ಅವನಿಗೇ ತಿಳಿಯದಾಯಿತು. ಕದ್ದಿಶ್ ಬಂದಾಗ ಅವನು ತಡವರಿಸಲಿಲ್ಲ. "ಆಮೆನ್" ಎಂದು ಬಂದ ಸದ್ದಿಗೆ ಬೇಲಿಯಾಚೆಯ ನಾಯಿ ಬೊಗಳಿತು.

*

ಮನೆಯಲ್ಲಿ ನೆರೆಯವರು ಬೇಯಿಸಿದ ಮೊಟ್ಟೆ, ಆಲಿವ್, ರೊಟ್ಟಿ ಇಟ್ಟಿದ್ದರು. ಎಸ್ತ್ರೇಯಾ ಸೂತಕದ ಕ್ರಮದಂತೆ ನೆಲದ ಮೇಲಿನ ದಿಂಬಿಗೆ ಇಳಿದು ಕೂತರು.

ಮೋರಿಸ್ ಹಣ್ಣಿನ ಸಾರಾಯಿ ರಕೀಯಾ ಗುಟುಕರಿಸಿ, ಕೊನೆಗೂ ಹೊರಹಾಕಿದ. "ಎಸ್ತ್ರೇಯಮ್ಮ, ನಾನೇ ಹೇಳಿದ್ರೆ ಎಷ್ಟು ಚೆಂದ ಆಗ್ತಿತ್ತು!"

"ಆಗ್ತಿತ್ತು ಕಣೋ. ಅದಕ್ಕೇ ಬೇಡ ಅಂದ್ರು." ಎಸ್ತ್ರೇಯಾ ಮೊಟ್ಟೆ ಸುಲಿಯುತ್ತ ನಕ್ಕರು. "ನೀನು ಹಾಡಿದ್ರೆ ಎಲ್ರೂ ಕಣ್ಮುಚ್ಚಿ ಕೇಳ್ತಾ ಕೂರ್ತಾರೆ, ಒಬ್ರೂ ಬಾಯಿ ಬಿಡಲ್ಲ. 'ನಾನು ಇಷ್ಟು ವರ್ಷ ಕಲಿಸಿದ್ದು ಕೇಳೋದನ್ನಾ?' ಅಂತಿದ್ರು. 'ಬೂಕೋ ಮುಳುಗ್ತಾನೆ ನೋಡು, ಆಗ ಎಲ್ರೂ ನೀರಿಗೆ ಹಾರಲೇಬೇಕು' ಅಂದ್ರು."

ಮೋರಿಸ್ ಕೈಯ ಗ್ಲಾಸು ಕೆಳಗಿಟ್ಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಬೂಕೋ ನಕ್ಕ. ಅಂದು 'ಹೀಗೇ ಇರು' ಎಂದ ಗುರು ತನ್ನನ್ನು ಕೈಬಿಟ್ಟಿರಲಿಲ್ಲ.

ಆದರೆ ಮೂರನೇ ಸಾಲಿನ ರಾಗ ಯಾವುದೆಂಬುದು ಇತ್ಯರ್ಥವಾಗಬೇಕಲ್ಲ? ಮೇಷ್ಟ್ರು ಒಂದು ಥರ ಹಾಡಿದರು. ಔಷಧದಂಗಡಿಯವನು ಇನ್ನೊಂದು ಥರ. "ರಬ್ಬಿಗಳು ಹಾಗೆ ಕಲಿಸೇ ಇಲ್ಲ!" ಎಂದು ಮೋರಿಸ್ ಎದ್ದು ನಿಂತ. ಮಾತು ಏರಿ ಬೀದಿಗೆ ಕೇಳುವಂತಾಯಿತು.

"ಅಮ್ಮನ್ನೇ ಕೇಳೋಣ," ಎಂದು ಬೂಕೋ ತಿರುಗಿದ.

ಚಳಿಗಾಲವಿಡೀ ಗಂಡನ ಹಾಸಿಗೆಯ ಪಕ್ಕ ಎಚ್ಚರವಿದ್ದ ಎಸ್ತ್ರೇಯಾ, ಗೋಡೆಗೆ ತಲೆಯೊರಗಿಸಿ ನಿದ್ದೆಹೋಗಿದ್ದರು. ಕೈಯಲ್ಲಿ ಅರ್ಧ ಕಚ್ಚಿದ ಮೊಟ್ಟೆ. ಕಾಲು ನೀಡಿದ್ದರು, ಸಣ್ಣಗೆ ಗೊರಕೆ. ಗಂಡಸರು ದನಿ ತಗ್ಗಿಸಿದರು, ಜಗಳ ನಿಲ್ಲಿಸಲಿಲ್ಲ.