ಬಲಗಿವಿಯ ಹಿಂದೆ

ನನ್ನ ಅಂಗಡಿಗೆ ಬರುವ ಹೆಂಗಸರು ನನಗಿಟ್ಟಿರುವ ಅಡ್ಡಹೆಸರು ಕತ್ತರಿಬಾಯಿ. ಇರಲಿ. ಬಾಯಿ ಹೇಗಿದ್ದರೂ ಕೈ ಚೆನ್ನಾಗಿದೆ ಎಂದು ಅವರೇ ಒಪ್ಪುತ್ತಾರೆ. ಇಪ್ಪತ್ತು ವರ್ಷದಿಂದ ಹೆಂಗಸರ ತಲೆ ಬಾಚುತ್ತಿದ್ದೇನೆ. ಹಾರಾಡುವ ಕೂದಲು, ಸಿಕ್ಕು ಕೂದಲು, ಹೇಳಿದ ಮಾತು ಕೇಳದ ಗುಂಗುರು, ಯಾವುದನ್ನು ಬೇಕಾದರೂ ಪೊಮೇಡ್ ಹಾಕಿ ಕೂರಿಸುತ್ತೇನೆ. ಅದು ಗಂಡಸರ ಸಾಮಾನು ಎಂದು ಮೂಗು ಮುರಿದವರೇ ಈಗ ಕೇಳಿ ಹಾಕಿಸಿಕೊಳ್ಳುತ್ತಾರೆ. ಡಬ್ಬಿಯಲ್ಲಿ ಮೇಣದ ಹಾಗೆ ಗಟ್ಟಿ ಇರುತ್ತದೆ, ಕಡಲೆಕಾಳಿನಷ್ಟು ತೆಗೆದು ಅಂಗೈಗಳ ನಡುವೆ ಉಜ್ಜಿದರೆ ಕರಗುತ್ತದೆ. ಹಿಂದಿನಿಂದ ಶುರುಮಾಡಿ ಮುಂದಕ್ಕೆ ಸವರಬೇಕು, ಕೊನೆಗೆ ಒದ್ದೆ ಬಟ್ಟೆ ಬಿಗಿದು ಹತ್ತು ನಿಮಿಷ ಬಿಡಬೇಕು. ಬಿಚ್ಚಿದ ಮೇಲೆ ಗಾಳಿಗೂ ಅಲುಗುವುದಿಲ್ಲ.

ಈ ವಿದ್ಯೆ ಹೆಚ್ಚು ಖರ್ಚಾದದ್ದು ನನ್ನ ತಂಗಿಯ ತಲೆಯ ಮೇಲೆ.

ಅವಳ ಬಲಗಿವಿಯ ಹಿಂದೆ ಕೂದಲಿಲ್ಲ. ಗಂಡ ಸಿಟ್ಟು ಬಂದಾಗ ಹಿಡಿದು ಎಳೆಯುವುದು ಅಲ್ಲಿಯೇ. ಬೆರಳ ತುದಿಯಷ್ಟಿದ್ದ ಬೋಳು ಆರು ವರ್ಷದಲ್ಲಿ ಮೂರು ಬೆರಳಗಲವಾಯಿತು. ಮೊದಲ ಸಲ ಅವಳು ತಲೆಗೆ ಶಾಲು ಹೊದ್ದು ಬಂದು ನನ್ನ ಕುರ್ಚಿಯಲ್ಲಿ ಕೂತು ಅತ್ತಳು. ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ, ನಮ್ಮ ಮನೆಗೆ ಬಂದುಬಿಡು ಎಂದೆ. ಆಮೇಲೆ, ಜನ ನೋಡಬಾರದೆಂದು, ಎಡಗಡೆಯ ಕೂದಲನ್ನು ಹಿಂದಿನಿಂದ ತಂದು ಅದರ ಮೇಲೆ ಹಾಸಿ, ಕಪ್ಪು ಪೊಮೇಡ್ ಸವರಿ ಕೂರಿಸಿದೆ. ಅಲ್ಲಿಂದ ಪ್ರತಿ ಬುಧವಾರ ಬರತೊಡಗಿದಳು. "ಹೊರಗಡೆ ಇದ್ದಾಗ ಆಗಾಗ ಅಂಗೈ ಇಟ್ಟು ನೋಡ್ಕೊ, ಎದ್ದಿದ್ರೆ ಒತ್ತಿಬಿಡು" ಎಂದು ಹೇಳಿಕೊಟ್ಟವಳೂ ನಾನೇ. ನಮ್ಮಮ್ಮ ಸಾಯುವವರೆಗೂ ಚಿಕ್ಕ ಮಗಳು ಸುಖವಾಗಿದ್ದಾಳೆಂದೇ ನಂಬಿದ್ದಳು. ನನಗದು ಹೆಮ್ಮೆಯೂ ಆಗಿತ್ತು, ಥೂ ನನ್ನ ಜನ್ಮಕ್ಕೆ.

ಈ ವರ್ಷ ಅವಳೇ ಬಾಯಿಬಿಟ್ಟು "ಸಾಕಾಯ್ತು ಅಕ್ಕ" ಎಂದಳು. ಹೆಂಗಸರ ದೂರು ಕೇಳುವ ಕಚೇರಿಗೆ ಇಬ್ಬರೂ ಹೋಗಿ ಅರ್ಜಿ ಕೊಟ್ಟೆವು. ಅಲ್ಲಿನ ಅಧಿಕಾರಿ ಒಳ್ಳೆಯ ಹೆಂಗಸು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಕೇಳುತ್ತೇನೆ, ಪೆಟ್ಟಿನ ಗುರುತು ಕಂಡರೆ ಅವನು ಆ ಮನೆಗೆ ಕಾಲಿಡದಂತೆ ಅವತ್ತೇ ಬರೆದುಕೊಡುತ್ತೇನೆ ಎಂದರು.

ಕರೆಸಿದ ದಿನ ಬೆಳಿಗ್ಗೆ ತಂಗಿ ತಲೆ ಬಾಚದೆ ಅಂಗಡಿಗೆ ಬಂದಳು. ಬೋಳು ಎದ್ದು ಕಾಣುತ್ತಿತ್ತು. ಹಾಗೆಯೇ ಹೋಗೋಣ ಎಂದು ಮಾತಾಡಿಕೊಂಡಿದ್ದೆವು. ಕನ್ನಡಿ ನೋಡಿದ ಮೇಲೆ ಅವಳು ಹಿಂಜರಿದಳು.

"ಹೀಗೇ ಬರ್ಲಾ ಅಕ್ಕ? ಹುಚ್ಚಿ ಥರ ಕಾಣ್ತೀನಿ. ಅವನು ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತಾನೆ. ಯಾರ ಮಾತು ನಂಬ್ತಾರೆ?"

ನನಗೂ ಹೌದೆನ್ನಿಸಿತು. ಅಚ್ಚುಕಟ್ಟಾದ ಹೆಂಗಸಿನ ಮಾತಿಗೆ ತೂಕ ಜಾಸ್ತಿ ಎಂದು ಬಂದವರಿಗೆಲ್ಲ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ಕೇಳಿದಾಗ ಕೂದಲು ಎತ್ತಿ ತೋರಿಸಿದರಾಯಿತು, ಅದೇನು ಮಹಾ ಎಂದುಕೊಂಡು ಡಬ್ಬಿ ತೆಗೆದೆ. ಅಷ್ಟು ಚೆನ್ನಾಗಿ ನಾನು ಇನ್ಯಾವತ್ತೂ ಬಾಚಿಲ್ಲ.

ಕಚೇರಿಯಲ್ಲಿ ಅವನು ನನ್ನನ್ನು ಕಂಡೊಡನೆ ಎದ್ದು, "ಕೂತ್ಕೊಳ್ಳಿ ಅಕ್ಕ" ಎಂದು ಕುರ್ಚಿ ಎಳೆದುಕೊಟ್ಟ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು ಅವನದು.

"ನೀವೇ ನೋಡಿ ಮೇಡಂ. ಹೊಡೆಸ್ಕೊಂಡೋರು ಹೀಗಿರ್ತಾರಾ? ಇವಳ ಅಕ್ಕನಿಗೆ ನನ್ನ ಕಂಡ್ರೆ ಆಗಲ್ಲ, ಅಷ್ಟೇ."

ಅಧಿಕಾರಿ ಕನ್ನಡಕ ಏರಿಸಿಕೊಂಡು ತಂಗಿಯನ್ನು ಕೇಳಿದರು. "ಗುರುತು ಏನಾದ್ರೂ ಇದೆಯೇನಮ್ಮ?"

ತಂಗಿಯ ಕೈ ಮೇಲೆದ್ದಿತು. ತೋರಿಸುತ್ತಾಳೆ ಎಂದುಕೊಂಡೆ. ಅಂಗೈ ಕಿವಿಯ ಹಿಂದೆ ಹೋಯಿತು, ಮೆಲ್ಲಗೆ ಒತ್ತಿತು, ಎಲ್ಲ ಸರಿಯಾಗಿದೆಯೆಂದು ತಿಳಿದುಕೊಂಡು ಮಡಿಲಿಗೆ ಮರಳಿತು.

"ಇಲ್ಲ" ಎಂದಳು.

ನಾನು ಎದ್ದೇಬಿಟ್ಟೆ. "ಸುಳ್ಳು ಮೇಡಂ! ಬಲಗಿವಿ ಹಿಂದೆ ನೋಡಿ!"

ಅವರು ಎದ್ದು ಬಂದು ಬಗ್ಗಿ ನೋಡಿದರು. ಕಪ್ಪಗೆ, ನುಣ್ಣಗೆ, ಒಂದೇ ಸಮ. "ಚೆನ್ನಾಗೇ ಇದೆಯಲ್ಲಮ್ಮ" ಎಂದರು. ನಾನು ಅವರನ್ನು ಸರಿಸಿ ಕೂದಲಿಗೆ ಕೈಹಾಕಿದೆ. ತಂಗಿ ಎರಡೂ ಕೈಯಿಂದ ತಲೆ ಅವುಚಿಕೊಂಡು ಕಿರುಚಿದಳು.

"ಬೇಡ ಅಕ್ಕ! ನೀನೂ ಅಲ್ಲೇ ಹಿಡೀಬೇಡ!"

"ಬಿಡಿ ಅವರನ್ನ" ಎಂದು ಅಧಿಕಾರಿ ಗದರಿಸಿದ್ದು ನನ್ನನ್ನು. ಗುರುತಿಲ್ಲ ಎಂದು ಬರೆದು ಅರ್ಜಿ ಮುಚ್ಚಿದರು. ಅವನು ಮಾತಾಡುವ ಅಗತ್ಯವೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಂಗಿ ಅವನ ಹಿಂದೆ ಮೆಟ್ಟಿಲಿಳಿದು ಹೋದಳು.

ಮುಂದಿನ ಬುಧವಾರ ಬಂದಳು. ಬೋಳು ಅಂಗೈಯಗಲವಾಗಿತ್ತು. ಹೀಗೇ ಎದ್ದು ಬಾ, ಈಗಲೇ ಹೋಗೋಣ ಎಂದು ಅಂಗಲಾಚಿದೆ. ಅವಳ ಕಾಲಿಗೆ ಬೀಳುವುದೊಂದು ಬಾಕಿ.

"ಅವತ್ತು ಇಲ್ಲ ಅಂದು ಇವತ್ತು ಇದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಬೇಗ ಹಾಕು ಅಕ್ಕ, ಕಾಯ್ತಿರ್ತಾನೆ."

"ಸತ್ರೂ ಹಾಕಲ್ಲ" ಎಂದೆ.

ಅವಳು ತಾನೇ ಡಬ್ಬಿ ತೆಗೆದು, ಕಡಲೆಕಾಳಿನಷ್ಟು ಅಂಗೈಗೆ ಹಾಕಿಕೊಂಡು ಉಜ್ಜಿದಳು. ಎಡಗಡೆಯ ಕೂದಲು ತಂದು ಬೋಳಿನ ಮೇಲೆ ಹಾಸಿ, ಹಿಂದಿನಿಂದ ಶುರುಮಾಡಿ ಮುಂದಕ್ಕೆ ಸವರಿದಳು. ಒದ್ದೆ ಬಟ್ಟೆ ಬಿಗಿದುಕೊಂಡು ಗಡಿಯಾರ ನೋಡುತ್ತ ಹತ್ತು ನಿಮಿಷ ಕೂತಳು. ಆಮೇಲೆ ಬಟ್ಟೆ ಬಿಚ್ಚಿ ಬೆನ್ನು ತಿರುಗಿಸಿದಳು.

"ಕಾಣ್ಸುತ್ತಾ ಅಕ್ಕ?"

ಕಾಣುತ್ತದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹತ್ತಿರ ಹೋಗಿ ಬಗ್ಗಿ, ಆ ಕಡೆ ಈ ಕಡೆ ನಿಂತು ನೋಡಿದೆ. ಎಲ್ಲಿಯೂ ಏನೂ ಕಾಣುತ್ತಿರಲಿಲ್ಲ.