ಚೀಟಿಯ ಕೆಳಗಿನ ಸಾಲು

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ನಿಂತವಳು ಅವಳು. ಬೀದಿಯವರಿಗೆಲ್ಲ ‘ಮಾತ್ರೆ ಅಕ್ಕ’. ಡಾಕ್ಟರುಗಳ ಕೋಳಿ ಕೆದರಿದಂಥ ಬರವಣಿಗೆಯನ್ನು ಒಂದೇ ನೋಟಕ್ಕೆ ಓದಿ, ಡಬ್ಬಿ ತೆಗೆದು, “ಇದು ಊಟಕ್ಕೆ ಮುಂಚೆ, ಇದು ಊಟ ಆದ್ಮೇಲೆ, ಇದನ್ನ ಹಾಲಿನ ಜೊತೆ ಮಾತ್ರ ಬೇಡ” ಎಂದು ಹೇಳಿಯೇ ಕಳಿಸುವಳು. ಕೇಳಿದವರಿಗೂ ಹೇಳುವಳು, ಕೇಳದವರಿಗೂ ಹೇಳುವಳು. ಹಾಗೆ ಹೇಳುವುದರಲ್ಲಿ ಅವಳಿಗೊಂದು ಸುಖವಿತ್ತು ಎಂದರೆ ಸುಳ್ಳಾಗದು.

ಅವಳಿಗೆ ಒಬ್ಬನೇ ತಮ್ಮ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಯಂತ್ರದಲ್ಲಿ ಅಚ್ಚಾಗಿ ಬರುವ ಬೋರ್ಡುಗಳ ಕಾಲದಲ್ಲೂ ಅವನ ಕೈಗೆ ಕೆಲಸ ತಪ್ಪಿರಲಿಲ್ಲ. ಏಣಿಯ ಮೇಲೆ ನಿಂತು, ಪಟ್ಟಿ ಇಡದೆ, ಉಸಿರು ಬಿಗಿಹಿಡಿದು ಒಂದು ಮಾರುದ್ದದ ಗೆರೆ ಎಳೆದರೆ ಅದು ಎಲ್ಲೂ ಬಳುಕುತ್ತಿರಲಿಲ್ಲ. ಅದಕ್ಕೇ ಜನ ಅವನನ್ನು ‘ಗೆರೆ’ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ.

ಗೆರೆಯ ಕುತ್ತಿಗೆಯ ಮುಂಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟೊಂದಿತ್ತು. ಥೈರಾಯ್ಡ್ ಗ್ರಂಥಿಯ ಗಂಟು, ಎಂಟು ವರ್ಷದ್ದು. ಆಸ್ಪತ್ರೆಯಲ್ಲಿ ತೋರಿಸಿದಾಗ, “ಕೆಟ್ಟ ಗಂಟಲ್ಲ, ರಕ್ತಪರೀಕ್ಷೆ ಸರಿಯಾಗೇ ಇದೆ, ವರ್ಷಕ್ಕೊಂದು ಸಲ ಬಂದು ಹೋಗಿ” ಎಂದಿದ್ದರು. ಯಾರಾದರೂ ಕೇಳಿದರೆ ಅವನು ಹೆಂಡತಿಯ ಕಡೆ ಓರೆನೋಟ ಬೀರಿ, “ಮದುವೆ ಆದಾಗಿಂದ ನುಂಗಿಕೊಂಡ ಮಾತೆಲ್ಲ ಇಲ್ಲೇ ಶೇಖರಣೆ ಆಗಿದೆ” ಎನ್ನುತ್ತಿದ್ದ. ಇಸ್ತ್ರಿ ಅಂಗಡಿ ನಡೆಸುತ್ತಿದ್ದ ಅವಳು, “ನುಂಗಿದ್ದು ಇಷ್ಟು, ಆಡಿದ್ದು ಎಷ್ಟು ಅಂತ ನನ್ನ ಕೇಳಿ” ಎಂದು ಅಲ್ಲೇ ಮುಟ್ಟಿಸುತ್ತಿದ್ದಳು.

ತಮ್ಮನ ಪಾಲಿಗೆ ಆ ಗಂಟು ನಗೆಚಾಟಿಕೆ. ಅಕ್ಕನಿಗೆ ಕಣ್ಣಿಗೆ ಬಿದ್ದ ಕಸ. ಔಷಧಿಯ ಸಾಲುಗಳ ನಡುವೆಯೇ ಬದುಕಿ ಒಡಹುಟ್ಟಿದವನ ಗಂಟನ್ನು ಕರಗಿಸಲಾಗಲಿಲ್ಲವಲ್ಲ ಎಂಬ ಕೊರಗು ಅವಳನ್ನು ಒಳಗೇ ತಿನ್ನುತ್ತಿತ್ತು.

ಹಾಗಿರುವಾಗ ಅಂಗಡಿಗೆ ಹೊಸ ಸರಕು ಬಂತು. ಹಸಿರು ಬಾಟಲಿ, ಒಳಗೆ ಕಡಲಪಾಚಿಯ ಮಾತ್ರೆ. ‘ಅಯೋಡಿನ್ನಿನ ಸಹಜ ಆಗರ, ಥೈರಾಯ್ಡ್‌ಗೆ ಬಲ’ ಎಂದು ಮೇಲೆ ದಪ್ಪಕ್ಷರ. ಅಯೋಡಿನ್ ಸಾಲದೆ ಹೋದರೆ ಕುತ್ತಿಗೆಯಲ್ಲಿ ಗಂಟು ಬರುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದು ಅವಳಿಗೆ ನೆನಪಾಯಿತು. ಸಾಲದ್ದಕ್ಕೆ ಬಂದ ಗಂಟು, ಕೊಟ್ಟರೆ ಹೋಗಲೇಬೇಕಲ್ಲ! ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ, ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಅವತ್ತೇ ಸಂಜೆ ಒಂದು ಬಾಟಲಿ ತಮ್ಮನ ಮನೆಗೆ ಹೋಯಿತು.

ನಾದಿನಿ, ಅಂದರೆ ಗೆರೆಯ ಹೆಂಡತಿ, ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅತ್ತಿಗೆ, ಡಾಕ್ಟರನ್ನ ಒಂದ್ಮಾತು ಕೇಳಿದ್ರಾ?”

“ಇದಕ್ಕೆಲ್ಲ ಡಾಕ್ಟರು ಯಾಕೆ? ಇದೇನು ಔಷಧೀನಾ? ಸಮುದ್ರದ ಸೊಪ್ಪು. ಬೆಳಿಗ್ಗೆ ಎರಡು, ಸಂಜೆ ಎರಡು. ನಾನು ಹೇಳ್ತಿದೀನಲ್ಲ.”

ಅವಳು ಹೇಳಿದ ಮೇಲೆ ಆ ಮನೆಯಲ್ಲಿ ಮರುಮಾತಿರಲಿಲ್ಲ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಗೆರೆ ಲವಲವಿಕೆಯ ಮನುಷ್ಯನಾದ. ಹೊಟ್ಟೆ ಕರಗಿತು, ಕೆನ್ನೆ ಇಳಿಯಿತು. ಒಂದು ದಿನಕ್ಕೆ ಬರೆಯುತ್ತಿದ್ದ ಬೋರ್ಡನ್ನು ಅರ್ಧ ದಿನದಲ್ಲಿ ಮುಗಿಸತೊಡಗಿದ. “ಎಷ್ಟು ತಿಂದ್ರೂ ಹಸಿವು ಅಕ್ಕ, ಆದ್ರೂ ಪ್ಯಾಂಟು ಸೊಂಟದಲ್ಲಿ ನಿಲ್ತಿಲ್ಲ” ಎಂದು ನಕ್ಕ. ಅಕ್ಕ ಉಬ್ಬಿಹೋದಳು. ಕೌಂಟರಿಗೆ ಬಂದವರಲ್ಲಿ ಯಾರು ಥೈರಾಯ್ಡ್ ಎಂದರೂ ಕೈ ಹಸಿರು ಬಾಟಲಿಯ ಕಡೆಗೇ ಹೋಯಿತು. “ನನ್ನ ತಮ್ಮನಿಗೇ ಕೊಟ್ಟಿದ್ದೀನಿ” ಎನ್ನುವಳು. ಅದಕ್ಕಿಂತ ದೊಡ್ಡ ಜಾಮೀನು ಇನ್ನೇನು ಬೇಕು?

ಅವನಿಗೆ ನಿದ್ದೆ ಬಾರದಿದ್ದುದು, ಫ್ಯಾನಿನ ಕೆಳಗೆ ಕುಳಿತರೂ ಅಂಗಿ ಒದ್ದೆಯಾಗುತ್ತಿದ್ದುದು, ಸಣ್ಣ ಮಾತಿಗೂ ಹೆಂಡತಿಯ ಮೇಲೆ ರೇಗುತ್ತಿದ್ದುದು ಅಕ್ಕನ ಕಿವಿಗೂ ಬಿದ್ದಿತ್ತು. ಸೆಖೆ ಎಂದಳು. ಕೆಲಸ ಜಾಸ್ತಿ ಎಂದಳು. ಔಷಧಿ ಅಂಗಡಿಯ ದೀಪದ ಬುಡದಲ್ಲೇ ಕತ್ತಲೆ.

ಎರಡೂವರೆ ತಿಂಗಳಾದ ಮೇಲೆ ಅಂಗಡಿಯ ಯಜಮಾನರು ಬೋರ್ಡಿಗೆ ಹೊಸ ಬಣ್ಣ ಬಳಿಸಲು ಗೆರೆಯನ್ನೇ ಕರೆಸಿದರು. ಬೆಳಗಿನ ಹತ್ತು ಗಂಟೆಯ ಹೊತ್ತು. ಅವನು ಏಣಿ ಒರಗಿಸಿ ಮೇಲೆ ಹತ್ತಿದ. ಅಕ್ಕ ಒಳಗೆ ಒಬ್ಬ ಮುದುಕರಿಗೆ ಕೆಮ್ಮಿನ ಔಷಧಿ ಅಳೆಯುವುದನ್ನು ತೋರಿಸುತ್ತಿದ್ದಳು. ಹೊರಗೆ ಯಾರೋ, “ಇದೇನಯ್ಯಾ ಗೆರೆ, ನಿನ್ನ ಗೆರೆಗೆ ಜ್ವರ ಬಂದಿದ್ಯಾ?” ಎಂದು ನಕ್ಕದ್ದು ಕೇಳಿಸಿತು. ಉತ್ತರ ಬರಲಿಲ್ಲ. ಉತ್ತರ ಬಾರದಿದ್ದುದೇ ಅವಳನ್ನು ಹೊರಗೆಳೆಯಿತು.

ಬಿಳಿ ಹಲಗೆಯ ಮೇಲೆ ಅವನೆಳೆದ ಕೆಂಪು ಗೆರೆ ನೀರಿನಲ್ಲಿ ಕಂಡ ಕಡ್ಡಿಯಂತೆ ಡೊಂಕುಡೊಂಕಾಗಿ ಹೋಗಿತ್ತು. ಅವನು ಕುಂಚವನ್ನಲ್ಲ, ತನ್ನ ಕೈಯನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿದ್ದವು.

“ಅಕ್ಕಾ... ಕೈ ನನ್ನ ಮಾತು ಕೇಳ್ತಿಲ್ಲ. ಎದೆಯೊಳಗೆ ಏನೋ ಒದ್ದಾಡ್ತಿದೆ, ಮೀನು ಒದ್ದಾಡಿದ ಹಾಗೆ.”

ಬಣ್ಣದ ಡಬ್ಬಿ ಧಡಾರೆಂದು ಕೆಳಗೆ ಬಿತ್ತು. ಅವನು ಏಣಿಯನ್ನು ಅವುಚಿಕೊಂಡ. ಯಜಮಾನರೂ ನಗುತ್ತಿದ್ದವನೂ ಹತ್ತಿ ಅವನನ್ನು ಮೆಲ್ಲಗೆ ಇಳಿಸಿದರು. ಅವಳು ಮಣಿಕಟ್ಟು ಹಿಡಿದು ನಾಡಿ ಎಣಿಸಲು ನೋಡಿದಳು. ಮೂರು ಬಡಿತ ಓಡಿ, ಒಂದು ತಡೆದು, ಮತ್ತೆ ಐದು ಒಟ್ಟಿಗೆ ನುಗ್ಗಿದವು. ಎಣಿಕೆಗೇ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಗೆ ತಂತಿ ಅಂಟಿಸಿ ಬರೆಸಿದ ಕಾಗದವನ್ನು ನೋಡಿದರು, ಕಣ್ಣು ನೋಡಿದರು, ಗಂಟು ಮುಟ್ಟಿ ನೋಡಿದರು. “ಯಾವುದಾದ್ರೂ ಔಷಧಿ ತಗೊಳ್ತಿದ್ದೀರಾ?”

“ಇಲ್ಲ” ಎಂದ ಗೆರೆ. ಅವನು ಸುಳ್ಳು ಹೇಳಲಿಲ್ಲ. ಅಕ್ಕ ಕೊಟ್ಟದ್ದು ಅವನ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಇಸ್ತ್ರಿ ಅಂಗಡಿಯಿಂದ ಓಡಿಬಂದಿದ್ದ ನಾದಿನಿ ಬಾಗಿಲಲ್ಲೇ ನಿಂತಿದ್ದಳು. “ಅತ್ತಿಗೆ ಕೊಟ್ಟಿರೋದು ದಿನಾ ನಾಲ್ಕು ತಗೊಳ್ತಾರಲ್ಲ” ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ಕೊಡಬೇಕೆಂದು ತಂದಿದ್ದ ಹೊಸ ಬಾಟಲಿ ಅಕ್ಕನ ಚೀಲದಲ್ಲೇ ಇತ್ತು. ತೆಗೆದು ಕೊಟ್ಟಳು. ಡಾಕ್ಟರಮ್ಮ ಹಿಂದಿನ ಸಣ್ಣಕ್ಷರ ಓದುತ್ತಾ ಹೋಗಿ, ಅಂಗಡಿಯ ಬೆಲೆಚೀಟಿ ಅಡ್ಡ ಬಂದಲ್ಲಿ ಉಗುರಿನಿಂದ ಅದನ್ನು ಕೆರೆದರು. ಆಮೇಲೆ ಬಾಟಲಿಯನ್ನು ಅವಳ ಕಡೆ ತಿರುಗಿಸಿದರು.

‘ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸೇವಿಸಬಾರದು.’

ಆ ಚೀಟಿ ಅಂಟಿಸಿದವಳು ಅವಳೇ. ಸರಕು ಬಂದ ದಿನ ಸ್ಟೂಲಿನ ಮೇಲೆ ಕುಳಿತು, ಹಾಡು ಗುನುಗುತ್ತಾ, ಮೂವತ್ತಾರು ಬಾಟಲಿಗೂ ಒಂದೇ ಜಾಗದಲ್ಲಿ ಓರಣವಾಗಿ ಅಂಟಿಸಿದ್ದಳು. ಅವಳು ಮಂಚದ ಕಂಬಿ ಹಿಡಿದುಕೊಂಡಳು.

“ಒಂದು ಮಾತ್ರೆಯಲ್ಲಿ ಏಳುನೂರು ಮೈಕ್ರೋಗ್ರಾಂ ಅಯೋಡಿನ್ ಇದೆ” ಎಂದರು ಡಾಕ್ಟರಮ್ಮ. “ದೊಡ್ಡವರಿಗೆ ದಿನಕ್ಕೆ ಬೇಕಾಗೋದು ನೂರೈವತ್ತು. ನೀವು ನಾಲ್ಕು ಕೊಟ್ಟಿದ್ದೀರಿ. ಅಂದ್ರೆ ಹೆಚ್ಚೂಕಡಿಮೆ ಹತ್ತೊಂಬತ್ತು ದಿನದ್ದು ಒಂದೇ ದಿನಕ್ಕೆ.”

“ಸಾಲದ್ದಕ್ಕೇ ಗಂಟು ಬರುತ್ತೆ ಅಂತ...”

“ಕೆಲವರಿಗೆ ಹಾಗೆ ಬರುತ್ತೆ, ನಿಜ. ಆದ್ರೆ ಇಷ್ಟು ಹಳೇ ಗಂಟು ಅಂದ್ರೆ ಹೇಳಿದ ಮಾತು ಕೇಳದ ಒಲೆ ಇದ್ದ ಹಾಗೆ. ಸೌದೆ ಮಿತವಾಗಿತ್ತು ಅಂತ ಸುಮ್ಮನಿತ್ತು. ನೀವು ಹೊರೆಗಟ್ಟಲೆ ತುರುಕಿದ್ರಿ. ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಾಗಲ್ಲ, ಉರೀತಾನೇ ಹೋಗುತ್ತೆ.” ಅವರು ಕಾಗದದ ಮೇಲಿನ ಅಂಕುಡೊಂಕು ಗೆರೆ ತೋರಿಸಿದರು. “ಹೃದಯ ಹೀಗೆ ತಾಳ ತಪ್ಪಿದ್ರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗ್ಬಹುದು. ಇವತ್ತು ಬಂದಿದ್ದು ಒಳ್ಳೇದಾಯ್ತು. ರಕ್ತಪರೀಕ್ಷೆ ಬರಲಿ, ಆದ್ರೆ ನನಗೆ ಅನುಮಾನ ಏನಿಲ್ಲ.”

“ಮನೇಲಿ ಅಯೋಡಿನ್ ಇರೋ ಉಪ್ಪೇ ಹಾಕೋದು. ಅದನ್ನೂ ಬಿಡಬೇಕಾ?” ನಾದಿನಿ ಕೇಳಿದಳು.

“ಅಡುಗೆಗೆ ಹಾಕೋ ಅಷ್ಟರಿಂದ ಭಯ ಇಲ್ಲ. ಈ ಬಾಟಲಿ ಮಾತ್ರ ಬೇಡ. ಒಳಗೆ ಹೋಗಿರೋದು ಇಳಿಯೋಕೆ ತಿಂಗಳುಗಳೇ ಹಿಡಿಯುತ್ತೆ.”

ಅವನನ್ನು ಐದು ದಿನ ಅಲ್ಲೇ ಇರಿಸಿಕೊಂಡರು. ಎರಡನೆಯ ದಿನ ಅಕ್ಕ ಮಂಚದ ಪಕ್ಕ ಕುಳಿತು, ಮುಖ ಮುಚ್ಚಿಕೊಂಡು ಬಿಕ್ಕಿದಳು.

“ಅಳ್ಬೇಡ ಅಕ್ಕ. ನೀನೇನು ವಿಷ ಅಂತ ಗೊತ್ತಿದ್ದು ಕೊಟ್ಯಾ?”

“ಊರವರ ಡಬ್ಬಿ ಎಲ್ಲ ಓದಿ ಹೇಳ್ತೀನಲ್ಲೋ. ನಿನ್ನದೊಂದನ್ನ ಓದ್ಲಿಲ್ವಲ್ಲೋ.”

ಅವನು ಅವಳ ಕಡೆ ತಿರುಗಿದ. “ಊರವರಿಗೂ ಇದನ್ನೇ ಕೊಟ್ಟಿದ್ಯಲ್ಲ?”

ಅಳು ಗಕ್ಕನೆ ನಿಂತಿತು. ತಮ್ಮನ ಚಿಂತೆಯಲ್ಲಿ ಅದೊಂದು ಅವಳ ತಲೆಗೇ ಬಂದಿರಲಿಲ್ಲ.

ಅವಳು ನೇರ ಅಂಗಡಿಗೆ ಹೋದಳು. ಕಪಾಟಿನಲ್ಲಿ ಉಳಿದಿದ್ದ ಬಾಟಲಿಗಳನ್ನು ಇಳಿಸಿ ಒಂದೊಂದರ ಚೀಟಿಯನ್ನೂ ಕಿತ್ತಳು. ಪ್ರತಿಯೊಂದರ ಕೆಳಗೂ ಅದೇ ಸಾಲು. ಕೊಂಡವರ ಮುಖಗಳನ್ನು ನೆನೆದು ಕಾಗದದ ಮೇಲೆ ಬರೆದಳು. ಹನ್ನೊಂದು ಮಂದಿ.

ಯಜಮಾನರು ತಲೆಗೆ ಕೈಹೊತ್ತು ಕುಳಿತರು. “ಮನೆಮನೆಗೆ ಹೋಗಿ ಡಂಗುರ ಸಾರ್ತೀಯೇನಮ್ಮ? ನಾಳೆ ನಮ್ಮ ಅಂಗಡೀಲಿ ಯಾರು ಒಂದು ಮಾತ್ರೆ ತಗೊಳ್ತಾರೆ?”

“ತಗೊಳ್ದೆ ಇದ್ರೆ ಬೇಡ. ನೀವು ಬೈಯೋದು ಬೈದ್ಬಿಡಿ, ನಾನು ಹೋಗಿ ಬಂದ್ಬಿಡ್ತೀನಿ.”

ಅವರು ಬೈಯಲಿಲ್ಲ. ಬಾಟಲಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಹಗ್ಗ ಕಟ್ಟಿ, ಕಂಪನಿಗೆ ವಾಪಸು ಕಳಿಸಲು ಬಾಗಿಲ ಬಳಿ ಇಟ್ಟರು.

ಮೊದಲು ಸಿಕ್ಕ ಆರು ಮಂದಿಗೆ ಏನೂ ಆಗಿರಲಿಲ್ಲ. ಅವರಲ್ಲಿ ಇಬ್ಬರು ಮುಚ್ಚಳವನ್ನೇ ತೆರೆದಿರಲಿಲ್ಲ. ಅವಳಿಗೆ ಉಸಿರು ಬಂದಂತಾಗಿತ್ತು. ಏಳನೆಯವರು ವಾಚನಾಲಯದ ಮೇಡಂ. ಸದಾ ಚುರುಕಾಗಿ ಓಡಾಡುತ್ತಿದ್ದ ಹೆಂಗಸು ಸೆಖೆಯಲ್ಲೂ ಸ್ವೆಟರ್ ತೊಟ್ಟು ಮೇಜಿನ ಮೇಲೆ ತೂಕಡಿಸುತ್ತಿದ್ದರು. ಮುಖ ಊದಿತ್ತು, ದನಿ ಗೊಗ್ಗರಾಗಿತ್ತು.

“ನನಗೆ ಗ್ರಂಥೀಲಿ ಉರಿಯೂತ ಇದೆ, ಆದ್ರೆ ಕೆಲಸ ಮಾಡ್ತಿದೆ, ಮಾತ್ರೆ ಏನೂ ಬೇಡ ಅಂದಿದ್ರು. ನೀವು ಬಲ ಬರುತ್ತೆ ಅಂದ್ರಲ್ಲ, ಅದಕ್ಕೆ ಶುರು ಮಾಡ್ದೆ. ಈಗ ನೋಡಿದ್ರೆ ಮೆಟ್ಟಿಲು ಹತ್ತೋಕೂ ಆಗಲ್ಲ.”

ತಮ್ಮನಲ್ಲಿ ಉರಿದು ಹೋಗುತ್ತಿದ್ದ ಒಲೆ ಇವರಲ್ಲಿ ಹೆಚ್ಚಾದ ಸೌದೆಗೇ ನಂದಿ ಹೋಗುತ್ತಿತ್ತು. ಅದೇ ಬಾಟಲಿ, ಅದೇ ಕೈ. ಮಾತ್ರೆ ಅಕ್ಕನಿಗೆ ಹೇಳಲು ಬಂದದ್ದು ಒಂದೇ ಮಾತು: “ಏಳಿ ಮೇಡಂ, ಈಗಲೇ ಆಸ್ಪತ್ರೆಗೆ ಹೋಗೋಣ. ದಾರೀಲಿ ಎಲ್ಲ ಹೇಳ್ತೀನಿ.”

ಮೇಡಂ ದಾರಿಯಲ್ಲಿ ಎಲ್ಲ ಕೇಳಿಸಿಕೊಂಡರು. ಆಸ್ಪತ್ರೆಯ ಮೆಟ್ಟಿಲ ಬಳಿ ಅವಳು ಚಾಚಿದ ಕೈಯನ್ನು ಹಿಡಿಯಲಿಲ್ಲ. ಕಂಬಿ ಹಿಡಿದೇ ಹತ್ತಿದರು.

ನಾಲ್ಕು ತಿಂಗಳಿಗೆ ಗೆರೆಯ ಎದೆ ತಾಳಕ್ಕೆ ಬಂತು, ಕೈಯ ನಡುಕ ನಿಂತಿತು. ಗಂಟು ಮಾತ್ರ ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಮೇಡಂ ಮಾತ್ರೆ ನಿಲ್ಲಿಸಿದ ಮೇಲೆ ಮೆಲ್ಲಗೆ ಚೇತರಿಸಿಕೊಂಡರು. ಈಗಲೂ ಔಷಧಿ ಬೇಕಾದರೆ ಅಂಗಡಿಗೆ ಬರುತ್ತಾರೆ, ಆದರೆ ಯಜಮಾನರ ಕೈಯಿಂದಲೇ ತೆಗೆದುಕೊಳ್ಳುತ್ತಾರೆ. ಅಕ್ಕ ಬದಿಗೆ ಸರಿದು ನಿಲ್ಲುತ್ತಾಳೆ.

ಹನ್ನೊಂದರಲ್ಲಿ ಹತ್ತು ಮಂದಿ ಸಿಕ್ಕಿದರು. ಹನ್ನೊಂದನೆಯವಳು ಎಲ್ಲಿಗೋ ಹೊರಟ ಬಸ್ಸು ಅಂಗಡಿಯೆದುರು ನಿಂತಾಗ ಇಳಿದು ಬಂದ ಹೆಂಗಸು. ಕುತ್ತಿಗೆಗೆ ನೀಲಿ ಬಟ್ಟೆ ಸುತ್ತಿಕೊಂಡಿದ್ದಳು. “ಅಮ್ಮನಿಗೂ ಇರಲಿ” ಎಂದು ಮೂರು ಬಾಟಲಿ ಕೇಳಿ ಪಡೆದು, “ದೇವರಂಥವರು ನೀವು” ಎಂದು ಹೇಳಿ ಬಸ್ಸು ಹತ್ತಿದ್ದಳು. ಆ ಬಸ್ಸು ದಿನವೂ ಬರುತ್ತದೆ. ಬಂದು ನಿಂತಾಗಲೆಲ್ಲ ಮಾತ್ರೆ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಹೋಗಿ, ಕಿಟಕಿಗಳ ಉದ್ದಕ್ಕೂ ಮುಖಗಳನ್ನು ನೋಡುತ್ತಾ ನಡೆಯುತ್ತಾಳೆ.