ಒಂದು ಮಗ್ಗು ನೀರು

ಮೂವತ್ತೊಂದು ವರ್ಷ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದ ಜವರಪ್ಪನಿಗೆ ಲೋಕದಲ್ಲಿ ಒಂದೇ ಒಂದು ವಸ್ತುವಿನ ಮೇಲೆ ಹಗೆ ಇತ್ತು. ಅದು ನೀರು.

ಅರಕೆರೆ ಪಕ್ಕದ ಅವನ ಊರಿನಲ್ಲಿ ನಾಲೆ ತುಂಬ ನೀರು, ಗದ್ದೆ ತುಂಬ ನೀರು; ಅದಕ್ಕೆಲ್ಲ ಅವನ ತಕರಾರಿರಲಿಲ್ಲ. ಆದರೆ ಅದೇ ನೀರು ಯಾರದಾದರೂ ಹಾಲಿನ ಕ್ಯಾನಿಗೆ ಇಳಿಯಿತೆಂದರೆ ಅವನು ಬಿಡುತ್ತಿರಲಿಲ್ಲ. ಹಾಗೆಂದು ಕೂಗಾಡುವವನೂ ಅಲ್ಲ. ನೀರು ಬೆರೆತಿದ್ದರೆ ಹೆಚ್ಚು ಮುಳುಗುವ ಗಾಜಿನ ಕಡ್ಡಿ, ಲ್ಯಾಕ್ಟೋಮೀಟರನ್ನು, ಹಾಲಿಗೆ ಬಿಟ್ಟು, ಅದು ಮೇಲೆ ಕೆಳಗೆ ತೂಗಾಡಿ ನಿಲ್ಲುವ ತನಕ ಒಂದು ಮಾತೂ ಆಡದೆ ನಿಂತಿರುತ್ತಿದ್ದ. ಆ ಅರ್ಧ ನಿಮಿಷದ ಮೌನಕ್ಕೆ ಊರೇ ಹೆದರುತ್ತಿತ್ತು. ಆಮೇಲೆ, "ವಾಪಸ್." ಅಷ್ಟೆ. "ಕ್ಯಾನ್ ತೊಳೆದ ನೀರು ವಸಿ ಉಳ್ಕಂಡಿತ್ತೇನೋ ಕಣಣ್ಣ" ಎಂಬ ಸಬೂಬನ್ನು ಅವನು ಊರಿನ ಎಲ್ಲರ ಬಾಯಿಂದಲೂ ಕೇಳಿದ್ದ. ದಿನವೂ ಹಾಲು ತರುವ ಕೆಂಪಣ್ಣನ ಬಾಯಿಂದ ನೂರು ಸಲವಾದರೂ ಕೇಳಿರಬೇಕು.

ಇಂಥ ಜವರಪ್ಪ ಈಗ ಶ್ರೀರಂಗಪಟ್ಟಣದ ಒಂದು ನರ್ಸಿಂಗ್ ಹೋಮಿನ ಮಂಚದ ಮೇಲೆ ಗ್ಲೂಕೋಸ್ ಇಲ್ಲದ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಈ ವರ್ಷಕ್ಕೆ ಇದು ಮೂರನೆಯ ಕಿಡ್ನಿ ಇನ್ಫೆಕ್ಷನ್. ಹಿಂದಿನ ಎರಡು ಸಲ ಬಂದಾಗಲೂ ಡಾಕ್ಟರಮ್ಮ, "ನೀರು ಕುಡೀರಿ" ಎಂದು ಬರೆದೇ ಕೊಟ್ಟಿದ್ದರು. ಅವನು ಆ ಚೀಟಿಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಕಾಫಿ ಕುಡಿದಿದ್ದ.

ಈ ಸಲ ಅವನಿಗೆ ಅವಸರವಿತ್ತು. ಡೈರಿಗೆ ಹೊಸ ಮಿಷನ್ನು ಬಂದಿತ್ತು, ಹಾಲು ಸುರಿದರೆ ತಾನೇ ಎಲ್ಲ ಹೇಳುವಂಥದು. ಶುಕ್ರವಾರ ಅದರ ಪೂಜೆ, ಅವತ್ತೇ ಜವರಪ್ಪನ ನಿವೃತ್ತಿ, ಶಾಲು, ಮೈಸೂರು ಪೇಟ, ಸನ್ಮಾನ. ಅವನು ಬರಲಾಗದಿದ್ದರೆ, ಪೇಟ ಹೇಗೂ ತಂದಾಗಿದೆ, ಅತಿ ಹೆಚ್ಚು ಹಾಲು ಹಾಕಿದವನಿಗೆ ತೊಡಿಸಿಬಿಡೋಣ ಎಂದು ಸೆಕ್ರೆಟರಿ ಫೋನಿನಲ್ಲಿ ಸಮಾಧಾನ ಹೇಳಿದ್ದ. ಅತಿ ಹೆಚ್ಚು ಹಾಲು ಹಾಕಿದವನು ಕೆಂಪಣ್ಣ.

"ಅತಿ ಹೆಚ್ಚು ನೀರು ಆಕ್ದವ್ನು ಅನ್ನು" ಎಂದು ಜವರಪ್ಪ ಹೆಂಡತಿಯ ಮುಂದೆ ಹಲ್ಲು ಕಡಿದ. "ಅವ್ನ್ ತಲೆ ಮ್ಯಾಲೆ ನನ್ ಪೇಟ."

"ನಿಮ್ ತಲೇಲಿ ಇನ್ನೂ ಜ್ವರ ಐತೆ, ಸುಮ್ನೆ ಮನಿಕಳಿ" ಎಂದಳು ಪುಟ್ಟತಾಯಮ್ಮ.

ಡಾಕ್ಟರಮ್ಮನ ಷರತ್ತು ಸರಳವಾಗಿತ್ತು. ಮಂಚದ ಕೆಳಗೆ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು. ಬೆಳಗ್ಗೆ ಆರರಿಂದ ಮರುದಿನ ಆರರವರೆಗೆ ಹೋದ ಮೂತ್ರವೆಲ್ಲ ಅದಕ್ಕೇ ಬೀಳಬೇಕು. ಒಂದೂವರೆ ಲೀಟರ್ ಆಗಿ ಜ್ವರವೂ ಇಲ್ಲದಿದ್ದರೆ ಮನೆಗೆ ಕಳಿಸುತ್ತೇನೆ ಎಂದಿದ್ದರು. ಬುಧವಾರ ಬೆಳಗ್ಗೆ ನರ್ಸ್ ಧನುಶ್ರೀ ಕ್ಯಾನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಕೆ.ಆರ್. ಪೇಟೆಯ ಹುಡುಗಿ, ಮಾತು ಕಡಿಮೆ.

"ಒಂಬೈನೂರು, ತಾತ."

"ಸರ್ಯಾಗ್ ನೋಡವ್ವ. ನೊರೆ ಇಳೀಲಿ."

"ನೊರೆ ಇಳಿದೇ ಒಂಬೈನೂರು."

ಅಳತೆ ಕಡಿಮೆಯೆಂದು ತಲೆ ತಗ್ಗಿಸುವ ಸ್ಥಿತಿ ಜವರಪ್ಪನಿಗೆ ಜೀವನದಲ್ಲಿ ಮೊದಲ ಸಲ ಬಂದಿತ್ತು. ಡೈರಿಯ ಕಟಕಟೆಯ ಆಚೆ, ವಾಪಸಾದ ಕ್ಯಾನು ಹಿಡಿದು ನಿಲ್ಲುತ್ತಿದ್ದವರ ಮುಖಗಳು ಒಂದೊಂದಾಗಿ ನೆನಪಾದವು. ಅವು ಯಾವುವೂ ನೆನಪಾಗುವುದು ಅವನಿಗೆ ಬೇಕಿರಲಿಲ್ಲ.

ಆ ದಿನ ಹನ್ನೊಂದು ಗಂಟೆಗೆ ಅವನು ಕ್ಯಾನು ಹಿಡಿದು ಬಚ್ಚಲಿಗೆ ಹೋದ. ಬಾಗಿಲು ಹಾಕಿಕೊಂಡ. ನಲ್ಲಿಯ ಕೆಳಗೆ ಒಂದು ಲೀಟರಿನ ನೀಲಿ ಮಗ್ಗು ಇತ್ತು. ಜವರಪ್ಪ ಅದನ್ನು ಬಹಳ ಹೊತ್ತು ನೋಡಿದ. ಮಗ್ಗೂ ಅವನನ್ನು ನೋಡಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಸುರಿದ.

ಮೂರು ಗಂಟೆಗೆ ಕೆಂಪಣ್ಣ ರೋಗಿಯನ್ನು ನೋಡಲು ಬಂದ. ಪುಟ್ಟತಾಯಮ್ಮ ಮಾತ್ರೆ ತರಲು ಕೆಳಗೆ ಹೋಗಿದ್ದಳು. ಕೆಂಪಣ್ಣ ಸ್ಟೂಲು ಎಳೆದು ಕೂತು, ಬ್ರೆಡ್ಡಿನ ಪೊಟ್ಟಣವನ್ನು ದಿಂಬಿನ ಪಕ್ಕ ಇಟ್ಟು, ಎಲ್ಲಿ ನೋಡುವುದೆಂದು ತಿಳಿಯದೆ ಮಂಚದ ಕೆಳಗೆ ನೋಡಿದ. ಅಲ್ಲೇ ನೋಡುತ್ತ ಉಳಿದ. ಆಮೇಲೆ ಬಗ್ಗಿ, ದನಿ ತಗ್ಗಿಸಿ ಕೇಳಿದ.

"ಎಷ್ಟು ಉಯ್ದೆ?"

"ಏನ್ಲಾ ಉಯ್ಯೋದು?"

"ಜವರ, ನನ್ ತಾವ ಸುಳ್ಳು ಯೋಳ್ಬ್ಯಾಡ ಕಣ್ಲಾ. ಹಾಲಾಗ್ಲಿ ಉಚ್ಚೆಯಾಗ್ಲಿ, ನೀರು ಬಿದ್ರೆ ನಂಗೆ ದೂರದಿಂದ್ಲೇ ಗೊತ್ತಾಯ್ತದೆ. ಒಂದು ಲೀಟ್ರು?"

ಜವರಪ್ಪ ಛಾವಣಿ ನೋಡಿದ.

"ಒಂದು ಮಗ್ಗು" ಎಂದ.

"ಒಟ್ಟಿಗೇ ಉಯ್ದ್ಬುಟ್ಟಾ? ಥೂ, ಕಲಿಯಕ್ಕೆ ಮೂವತ್ತೊಂದು ವರ್ಸ ಇತ್ತು ನಿಂಗೆ. ಅವ್ರೂ ಗಾಜಿನ್ ಕಡ್ಡಿ ಬುಟ್ಟು ನೋಡುದ್ರೆ ಏನ್ ಮಾಡೀಯೆ? ಮುಳುಗೋಯ್ತದೆ."

"ಇಲ್ಯಾವ ಗಾಜಿನ್ ಕಡ್ಡಿ."

"ಇದ್ರೆ ಅಂತೀನಿ. ಇರು, ಸಕ್ಕರೆ ತತ್ತೀನಿ."

"ಸಕ್ಕರೆ ಯಾಕ್ಲಾ?"

ಕೆಂಪಣ್ಣ ಅವನನ್ನು ಮರುಕದಿಂದ ನೋಡಿದ. "ನೀರು ಉಯ್ದಷ್ಟಕ್ಕೂ ಒಂದು ಇಡಿ ಸಕ್ಕರೆ ಆಕ್ಬೇಕು. ಆಗ ನಿನ್ ಕಡ್ಡಿ ಮರ್ಯಾದೆಯಾಗಿ ಎದ್ದ್ ನಿಂತ್ಕತದೆ."

ಜವರಪ್ಪ ಡ್ರಿಪ್ಪಿನ ಕೈಯನ್ನೂ ಮರೆತು ಅರ್ಧ ಎದ್ದ. "ಎಷ್ಟು ವರ್ಸದಿಂದ?"

"ನೂರ್ ಸಲ ವಾಪಸ್ ಕಳಿಸ್ದಲ್ಲ, ಅದು ನಮ್ಮನೇಲಿ ಸಕ್ಕರೆ ಮುಗ್ದಿದ್ದ್ ದಿನ. ಮಿಕ್ಕಿದ್ದ ಕೇಳ್ಬ್ಯಾಡ ಬುಡು."

ಇಷ್ಟು ಹೇಳಿ ಕೆಂಪಣ್ಣ ಕೆಳಗಿನ ಟೀ ಅಂಗಡಿಗೆ ಹೋಗಿ ಪೊಟ್ಟಣ ತಂದ. ನಿನಗೇ ಪೇಟ ಸಿಗುತ್ತದಲ್ಲ, ನನಗೇಕೆ ಸಹಾಯ ಮಾಡುತ್ತೀಯ ಎಂದು ಜವರಪ್ಪ ಕೇಳಬೇಕೆಂದಿದ್ದ, ಕೇಳಲಿಲ್ಲ. ಬೇರೆ ಯಾವ ಕೆಲಸದಲ್ಲೂ ಕಾಣದ ಶ್ರದ್ಧೆಯಿಂದ ಕೆಂಪಣ್ಣ ಕ್ಯಾನಿಗೆ ಸಕ್ಕರೆ ಸುರಿಯುತ್ತಿದ್ದ. ಅವನ ಕೈಯ ಅಳತೆ ನಲವತ್ತು ಲೀಟರಿನ ಹಾಲಿನ ಕ್ಯಾನಿನದು. ಇದು ಐದು ಲೀಟರಿನದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಗುರುವಾರ ಬೆಳಗ್ಗೆ ಪುಟ್ಟತಾಯಮ್ಮ ಏಳುವಷ್ಟರಲ್ಲಿ ಇರುವೆಗಳು ಬಂದಿದ್ದವು. ಕಿಟಕಿಯಿಂದ ಇಳಿದು, ಪಕ್ಕದ ರೋಗಿಯ ಮಂಚವನ್ನು ಕಣ್ಣೆತ್ತಿಯೂ ನೋಡದೆ, ಒಂದೇ ಸಾಲಾಗಿ ಜವರಪ್ಪನ ಕ್ಯಾನಿನ ಕಡೆ ನಡೆದಿದ್ದವು. ಅವಳು ಎದೆ ಹಿಡಿದುಕೊಂಡಳು.

"ಅಯ್ಯೋ, ಸಕ್ಕರೆ ಇಷ್ಟು ಏರೋಗೈತಾ ಇವ್ರಿಗೆ."

ಧನುಶ್ರೀ ಓಡಿ ಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಡಾಕ್ಟರಮ್ಮ ಇರುವೆ ಸಾಲನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಬೆರಳಿಗೆ ಚುಚ್ಚಿ ರಕ್ತ ನೋಡಿದರು: ನೂರ ನಲವತ್ತೆಂಟು. ವಾರದಲ್ಲೇ ಅತ್ಯಂತ ಒಳ್ಳೆಯ ಅಂಕಿ. ಮತ್ತೊಮ್ಮೆ ಚುಚ್ಚಿದರು: ನೂರ ಐವತ್ತು.

"ರಕ್ತದಲ್ಲಿಲ್ಲದ ಸಕ್ಕರೆ ಮೂತ್ರದಲ್ಲಿ ಎಲ್ಲಿಂದ ಬಂತು?" ಎಂದರು, ಯಾರನ್ನೂ ಕೇಳದಂತೆ. "ಧನುಶ್ರೀ, ಲ್ಯಾಬಿನ ಹಳೇ ಪೆಟ್ಟಿಗೇಲಿ ಮೂತ್ರ ಎಷ್ಟು ಗಟ್ಟಿ ಅಂತ ಅಳೆಯೋ ಯೂರಿನೋಮೀಟರ್ ಇದೆ, ತಗೊಂಡು ಬಾ."

ಧನುಶ್ರೀ ತಂದ ಪೆಟ್ಟಿಗೆಯಿಂದ ಹೊರಬಂದದ್ದನ್ನು ಕಂಡು ಜವರಪ್ಪ ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡ. ಕೆಳಗೆ ಗಾಜಿನ ಬುರುಡೆ, ಮೇಲೆ ಸಣ್ಣ ಕತ್ತು, ಕತ್ತಿನೊಳಗೆ ಗೆರೆಗಳು. ಅವನ ಲ್ಯಾಕ್ಟೋಮೀಟರಿನ ಒಡಹುಟ್ಟಿದ ತಮ್ಮ.

ಅವಳು ಉದ್ದನೆಯ ಗಾಜಿನ ಲೋಟಕ್ಕೆ ಕ್ಯಾನಿನಿಂದ ಬಗ್ಗಿಸಿ, ಕಡ್ಡಿಯನ್ನು ಬಿಟ್ಟಳು. ಅದು ಮೇಲೆ ಕೆಳಗೆ ತೂಗಾಡಿತು. ಯಾರೂ ಮಾತಾಡಲಿಲ್ಲ. ಇದೇ ಮೌನ. ಇದರ ಈಚೆ ಬದಿ ಮಾತ್ರ ಜವರಪ್ಪನಿಗೆ ಗೊತ್ತಿತ್ತು; ಆಚೆ ಬದಿ ಇಷ್ಟು ಉದ್ದವಿರುತ್ತದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಲು ಅವನು ಯಾರಿಗೆ ಬಿಟ್ಟಿದ್ದ?

ಕಡ್ಡಿ ಮುಳುಗಲೇ ಇಲ್ಲ. ಜೇನುತುಪ್ಪದಲ್ಲಿ ನಿಂತಂತೆ ನೆಟ್ಟಗೆ, ಗೆರೆಗಳೆಲ್ಲ ಮೇಲಕ್ಕೆದ್ದು ನಿಂತಿತು. ಕ್ಯಾನಿನ ತಳದಲ್ಲಿ ಕರಗದ ಸಕ್ಕರೆ ಮಿನುಗುತ್ತಿತ್ತು.

"ತಾತ, ಏನು ಬೆರೆಸಿದ್ರಿ?" ಎಂದಳು ಧನುಶ್ರೀ.

ಜವರಪ್ಪ ಗಂಟಲು ಸರಿಮಾಡಿಕೊಂಡ.

"ಕ್ಯಾನ್ ತೊಳೆದ ನೀರು ವಸಿ ಉಳ್ಕಂಡಿತ್ತೇನೋ ಕಣವ್ವ."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೆ ಅದು ಕೇಳಿಸಿದ್ದು. ಪುಟ್ಟತಾಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಳುತ್ತಿದ್ದಾಳೆಂದುಕೊಂಡ. ಅವಳು ಅಳುತ್ತಿರಲಿಲ್ಲ.

ನಂತರ ಅವನು ಎಲ್ಲವನ್ನೂ ಹೇಳಿದ, ಪೇಟದ ವಿಷಯವನ್ನೂ. ಡಾಕ್ಟರಮ್ಮ ನಗಬಾರದೆಂದು ಕಿಟಕಿಯ ಕಡೆ ತಿರುಗಿ, ಅಲ್ಲಿಂದಲೇ ತೀರ್ಪು ಕೊಟ್ಟರು: ಕ್ಯಾನು ಚೆಲ್ಲಿ, ಇವತ್ತಿನಿಂದ ಮತ್ತೆ ಲೆಕ್ಕ. ಏನೇ ಆದರೂ ಶುಕ್ರವಾರ ಮನೆಗಿಲ್ಲ.

"ವಾಪಸ್ ಅನ್ನಿ" ಎಂದಳು ಪುಟ್ಟತಾಯಮ್ಮ.

ಧನುಶ್ರೀ ಕ್ಯಾನು ತೊಳೆದು ತಂದಳು. ಜೊತೆಗೆ ಬಚ್ಚಲಿನದಲ್ಲದ ಬೇರೊಂದು ಮಗ್ಗಿನ ತುಂಬ ನೀರು.

"ಒಂದ್ ಮಾತು ತಾತ. ಆ ನೀರನ್ನ ಕ್ಯಾನಿಗೆ ಹಾಕೋ ಬದ್ಲು ನೀವೇ ಕುಡಿದಿದ್ರೆ ಒಂದೂವರೆ ಲೀಟರ್ ತಾನಾಗೇ ಆಗ್ತಿತ್ತಲ್ಲ."

ಜವರಪ್ಪ ಮಗ್ಗಿನೊಳಗೆ ನೋಡಿದ. ಎರಡು ಸಲ ಚೀಟಿಯಲ್ಲಿ ಬರೆದುಕೊಟ್ಟದ್ದು, ಜೇಬಿನಲ್ಲಿ ಮಡಚಿಟ್ಟದ್ದು, ಇದೇ. ಮೂವತ್ತೊಂದು ವರ್ಷದ ಹಗೆಯನ್ನು ಅವನು ಗುಟುಕು ಗುಟುಕಾಗಿ ಕುಡಿದ. ರುಚಿ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕೆಂಪಣ್ಣ ತಲೆಯ ಮೇಲೆ ಪೇಟ, ಹೆಗಲ ಮೇಲೆ ಶಾಲು ಇದ್ದ ಹಾಗೆಯೇ ಬಸ್ಸಿನಲ್ಲಿ ಬಂದಿಳಿದ. ವಾರ್ಡಿನ ಬಾಗಿಲಲ್ಲಿ ಸೆಕ್ಯೂರಿಟಿಯವನು ಎದ್ದು ನಿಂತು ನಮಸ್ಕಾರ ಮಾಡಿದ.

"ಒಸಾ ಮಿಷನ್ನಿಗೆ ಮೊದ್ಲು ನನ್ ಹಾಲೇ ಉಯ್ಸುದ್ರು ಕಣ್ಲಾ" ಎಂದ, ಸ್ಟೂಲಿನ ಮೇಲೆ ಕುಸಿಯುತ್ತ. "ನೀರು ಇಷ್ಟು, ಸಕ್ಕರೆ ಇಷ್ಟು, ಎಲ್ಲಾನೂ ಚೀಟೀಲಿ ಬರ್ದು ಆಚ್ಗೆ ಬುಡ್ತು. ಪೇಟ ಇಟ್ಕಂಡು ಎಲ್ಲಾರ್ ಮುಂದೆ ನಿಂತಿದ್ದೆ. ನೀನಿದ್ದಿದ್ರೆ ವಾಪಸ್ ಅಂತ ಒಂದ್ ಮಾತಲ್ಲಿ ಮುಗೀತಿತ್ತು."

"ಏನಂದೆ ಆಮ್ಯಾಕೆ?"

"ಇನ್ನೇನ್ ಅನ್ನನೆ. ಕ್ಯಾನ್ ತೊಳೆದ ನೀರು ಅಂದೆ."

"ಸಕ್ಕರೆಗೆ?"

"ಅದ್ಕೆ ಇನ್ನೂ ಯೋಚ್ನೆ ಮಾಡ್ತಿವ್ನಿ."

ಅವನು ಪೇಟ ತೆಗೆದು ಜವರಪ್ಪನ ತಲೆಗೆ ಇಟ್ಟ. ಸ್ವಲ್ಪ ಸಡಿಲವಾಗಿತ್ತು, ಕಿವಿಯ ತನಕ ಇಳಿಯಿತು. ಅದೇ ಹೊತ್ತಿಗೆ ಧನುಶ್ರೀ ಬಂದು, ಬೆಳಗಿನ ಕ್ಯಾನು ಸಾವಿರದ ಆರುನೂರು ಇತ್ತು, ಜ್ವರವೂ ಇಲ್ಲ, ನಾಳೆ ಹೊರಡಬಹುದಂತೆ ಎಂದಳು.

"ಕಡ್ಡಿ ಬುಟ್ಟು ನೋಡುದ್ರಾ ಅವ್ವ?" ಎಂದು ಜವರಪ್ಪ ಪೇಟದೊಳಗಿಂದ ಕೇಳಿದ.

"ನೋಡಿದೆ ತಾತ."

"ಎಷ್ಟಕ್ಕೆ ನಿಂತ್ಕತು?" ಎಂದರು ಇಬ್ಬರೂ ಒಟ್ಟಿಗೆ.